ಸೀಮೆಹಸು ಬಂದ ಮನೆ: ಕೋಲಾರದ ಕೊಟ್ಟಿಗೆಗಳ ಸುಖ ದುಃಖದ ಚರಿತ್ರೆ

(ಪಾಡ್‌ಕಾಸ್ಟ್ ಕಂತಿನ ಅಕ್ಷರ ರೂಪ)

ಇವತ್ತಿನ ಕಂತನ್ನ ಒಂದು ಜೆರ್ಸಿಯಿಂದ ಶುರು ಮಾಡೋಣ. ಹಸು ಅಲ್ಲ, ಕ್ರಿಕೆಟ್ ಜೆರ್ಸಿ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳ ಅಂಗಿ ಮೇಲೆ 'ನಂದಿನಿ' ಹೆಸರಿತ್ತು, ನೆನಪಿದೆಯಾ? ಮೀಮ್‌ಗಳು ಹರಿದಾಡಿದವು, ನಾವೆಲ್ಲ ಸ್ಟೇಟಸ್ ಹಾಕಿದ್ವಿ. ಆ ಮ್ಯಾಚ್ ನೋಡುವಾಗ ನಾನು ಊರಲ್ಲಿದ್ದೆ, ಮುಳಬಾಗಿಲು ತಾಲ್ಲೂಕಿನಲ್ಲಿ. ಅಮ್ಮನಿಗೆ ಫೋನ್ ತೋರಿಸಿ, "ನೋಡಮ್ಮ, ನಮ್ಮ ಹಾಲು ಎಲ್ಲಿಗೆ ಹೋಗಿದೆ" ಅಂದೆ. ಅಮ್ಮ ಒಂದು ಸಲ ನೋಡಿ, "ಸರಿ, ಎದ್ದು ಹಸುಗೆ ಹುಲ್ಲಾಕು, ಡೈರಿ ಟೈಮಾಯ್ತು" ಅಂದಳು.

ಅವಳ ಆ ಒಂದು ಮಾತಿನ ಹಿಂದೆ ಎಷ್ಟು ದೊಡ್ಡ ಚರಿತ್ರೆ ಇದೆ ಅನ್ನೋದೇ ಇವತ್ತಿನ ಕಥೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ಕಡೆಯ ಹಳ್ಳಿಗಳಲ್ಲಿ ಹುಟ್ಟಿದವರಿಗೆ ಬೆಳಗಿನ ಆರು ಗಂಟೆ ಅಂದ್ರೆ ಅಲಾರಾಂ ಅಲ್ಲ, ಬಕೆಟ್ಟಿನ ಸದ್ದು. ರೇಷ್ಮೆ, ಹಾಲು, ಚಿನ್ನ ಅಂತ ನಮ್ಮ ಜಿಲ್ಲೆಗೆ ಮೂರು ಬಿರುದು. ಚಿನ್ನದ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ರೇಷ್ಮೆ ಬೆಲೆ ಏರುತ್ತೆ, ಬೀಳುತ್ತೆ. ಹಾಲು ಮಾತ್ರ ದಿನಕ್ಕೆ ಎರಡು ಹೊತ್ತು ತಪ್ಪದೆ ಮನೆಯಿಂದ ಹೊರಗೆ ಹೋಗುತ್ತೆ, ದುಡ್ಡಾಗಿ ವಾಪಸ್ ಬರುತ್ತೆ. ಅದಕ್ಕೆ ಮನೆಯವರು ಕೊಟ್ಟ ಬೆಲೆ ಎಷ್ಟು? ಅದನ್ನ ಯಾವ ಪಾಸ್‌ಬುಕ್ಕೂ ಹೇಳಲ್ಲ.

ದನಕ್ಕಾಗಿ ಸತ್ತವರ ಕಲ್ಲು

ಮೊದಲು ತುಂಬಾ ಹಿಂದಕ್ಕೆ ಹೋಗೋಣ. ಕೋಲಾರದ ಹಳೆಯ ಹೆಸರು ಕುವಲಾಲ. ಗಂಗರ ಮೊದಲ ರಾಜಧಾನಿ ಇದು. ರಾಜಧಾನಿ ತಲಕಾಡಿಗೆ ಹೋದ ಮೇಲೂ ಗಂಗ ದೊರೆಗಳು 'ಕುವಲಾಲಪುರವರೇಶ್ವರ' ಅನ್ನೋ ಬಿರುದನ್ನ ಬಿಡಲಿಲ್ಲ. ಗಂಗರು, ಬಾಣರು, ನೊಳಂಬರು ಈ ಗಡಿ ಸೀಮೆಗಾಗಿ ಬಡಿದಾಡಿದ ಕಾಲದ ವೀರಗಲ್ಲುಗಳು ನಮ್ಮ ಕಡೆ ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ, ಗುಡಿ ಪಕ್ಕದಲ್ಲಿ ಈಗಲೂ ನಿಂತಿವೆ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲು.

ಆ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದ 'ತುರು'. ತುರು ಅಂದ್ರೆ ದನ. 'ತುರುಗೊಳ್' ಅಂದ್ರೆ ದನಗಳನ್ನ ಹೊಡೆದುಕೊಂಡು ಹೋಗೋದು. ಆಗಿನ ಕಾಲದಲ್ಲಿ ಒಂದು ಊರನ್ನ ಮುರಿಯಬೇಕು ಅಂದ್ರೆ ಮೊದಲು ಅದರ ದನಗಳನ್ನ ಹೊಡೀತಿದ್ರು. ಬೇಸಾಯ, ಗೊಬ್ಬರ, ಹಾಲು, ತುಪ್ಪ ಎಲ್ಲ ಒಂದೇ ಏಟಿಗೆ ಹೋಗ್ತಿತ್ತು. ಅಡ್ಡ ನಿಂತು ಸತ್ತವನಿಗೆ ಊರವರು ಕಲ್ಲು ನೆಡುತ್ತಿದ್ರು. ಸಾಮಾನ್ಯವಾಗಿ ಕೆಳಗಿನ ಹಂತದಲ್ಲಿ ಕಾಳಗ ಇರುತ್ತೆ. ನಡುವೆ ಅಪ್ಸರೆಯರು ವೀರನನ್ನ ಎತ್ತಿಕೊಂಡು ಹೋಗ್ತಾರೆ. ಮೇಲಿನ ಹಂತದಲ್ಲಿ ಅವನು ಸ್ವರ್ಗದಲ್ಲಿ ಕೂತಿರ್ತಾನೆ. ಹಲವು ಕಲ್ಲುಗಳಲ್ಲಿ ಅವನ ಪಕ್ಕ ಸಾಲಾಗಿ ದನಗಳೂ ಇರುತ್ತವೆ.

ಮುಂದಿನ ಸಲ ಊರಿಗೆ ಹೋದಾಗ ಅಂಥ ಕಲ್ಲು ಕಂಡರೆ ಗಾಡಿ ನಿಲ್ಲಿಸಿ ಒಮ್ಮೆ ನೋಡಿ. ಸತ್ತವನು ರಾಜ ಅಲ್ಲ, ಹೆಚ್ಚಾಗಿ ಊರಿನವನೇ ಒಬ್ಬ. ದನ ಅಂದ್ರೆ ನಮ್ಮವರಿಗೆ ಪ್ರಾಣ ಕೊಡುವಷ್ಟು ದೊಡ್ಡ ವಿಷಯ ಆಗಿತ್ತು.

ಆ ನೆನಪು ಪೂರ್ತಿ ಅಳಿಸಿಹೋಗಿಲ್ಲ. ಸಂಕ್ರಾಂತಿ ದಿನ ನಮ್ಮ ಕಡೆ ಹಲವು ಊರುಗಳಲ್ಲಿ ರಾಸುಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಊರಾಚೆ ಕಾಟಮರಾಯನ ಹತ್ತಿರ ಕರೆದುಕೊಂಡು ಹೋಗ್ತಾರೆ. ತೆಲುಗು ನಾಡಿನ ದನಗಾಹಿ ವೀರ ಕಾಟಮರಾಜನ ಕಥೆಯೂ ಮೇವು ಮತ್ತು ದನಗಳ ಸುತ್ತಲಿನ ಯುದ್ಧದ ಕಥೆಯೇ. ಗಡಿ ಜಿಲ್ಲೆ ನಮ್ಮದು, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ದೇವರುಗಳೂ ಎರಡು ಭಾಷೆ ಆಡ್ತಾರೆ.

ನಾಟಿ ಹಸು, ಜಾತ್ರೆ ಮತ್ತು ದೊಡ್ಡ ರೋಗ

ಇಲ್ಲೊಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಹಿಂದೆ ನಮ್ಮವರು ಹಸು ಸಾಕ್ತಿದ್ದದ್ದು ಹಾಲು ಮಾರೋಕಲ್ಲ. ಹಸು ಎತ್ತನ್ನ ಹೆರುತ್ತಿತ್ತು, ಎತ್ತು ಉಳುತ್ತಿತ್ತು, ಗಾಡಿ ಎಳೆಯುತ್ತಿತ್ತು. ರಾಜರಿಗೂ ಇದೇ ಲೆಕ್ಕ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಅನ್ನೋ ಇಲಾಖೆ ಇತ್ತು. ಟಿಪ್ಪು ಅದಕ್ಕೆ 'ಅಮೃತ್ ಮಹಲ್' ಅಂತ ಹೆಸರಿಟ್ಟ. ಹೆಸರಲ್ಲಿ ಬೆಣ್ಣೆ, ಅಮೃತ ಇದ್ದರೂ ಯುದ್ಧದಲ್ಲಿ ಬೇಕಾಗಿದ್ದು ಫಿರಂಗಿ, ಸಾಮಾನು ಎಳೆಯುವ ಎತ್ತುಗಳು. ಹಳ್ಳಿಗಳಲ್ಲಿ ಹಳ್ಳಿಕಾರ್ ಮತ್ತು ಸಣ್ಣ ನಾಟಿ ಹಸುಗಳಿದ್ದವು. ಕರು ಕುಡಿದು ಮಿಕ್ಕರೆ ಒಂದೋ ಎರಡೋ ಲೀಟರ್ ಹಾಲು. ಅದು ಮೊಸರು, ಮಜ್ಜಿಗೆ, ತುಪ್ಪ. ಹಾಲನ್ನ ಹಾಲಾಗಿಯೇ ಮಾರೋದಕ್ಕೆ ಎಷ್ಟೋ ಮನೆಗಳಲ್ಲಿ ನಾಚಿಕೆ ಪಡ್ತಿದ್ರಂತೆ.

ದನ ಕೊಳ್ಳೋಕೆ, ಮಾರೋಕೆ ಜಾತ್ರೆಗಳಿದ್ದವು. ಮುಳಬಾಗಿಲು ತಾಲ್ಲೂಕಿನ ಆವಣಿ ನಿಮಗೆ ಗೊತ್ತಿರಬಹುದು. ಸೀತೆ ಲವಕುಶರನ್ನ ಹೆತ್ತ ಜಾಗ ಅಂತ ಜನ ನಂಬುವ ಬೆಟ್ಟ, ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳು. ಶಿವರಾತ್ರಿ ಹೊತ್ತಿಗೆ ಅಲ್ಲಿ ಸೇರುವ ದನಗಳ ಜಾತ್ರೆ ಆಂಧ್ರ, ತಮಿಳುನಾಡಿನವರನ್ನೂ ಕರೆಸುತ್ತಿತ್ತು. ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡೋದು, ಹಲ್ಲು ಎಣಿಸೋದು, ಸುಳಿ ನೋಡೋದು, ಈ ಎಲ್ಲ ವಿದ್ಯೆ ಇದ್ದದ್ದು ಅಲ್ಲೇ.

ಸಾವೂ ದೊಡ್ಡದಾಗಿಯೇ ಬರ್ತಿತ್ತು. 'ದೊಡ್ಡ ರೋಗ' ಅಂತ ಹಳಬರು ಹೇಳೋದು ಕೇಳಿದ್ದೀರಾ? ಒಂದು ಕೊಟ್ಟಿಗೆಗೆ ಬಂದರೆ ಊರನ್ನೇ ಖಾಲಿ ಮಾಡುತ್ತಿದ್ದ ರೋಗ. ಅದರ ವಿರುದ್ಧ ಔಷಧ ತಯಾರಿಸೋಕೆ ಅಂತಲೇ 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಶುರುವಾಯ್ತು. ಹೆಬ್ಬಾಳದಲ್ಲಿರುವ ಇವತ್ತಿನ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯ ಮೂಲ ಅದೇ. ಮುಂದೆ ಲಸಿಕೆ ಊರೂರಿಗೆ ಬಂತು. ಭಾರತದಲ್ಲಿ ದೊಡ್ಡ ರೋಗ ಕೊನೆಯದಾಗಿ ಕಂಡದ್ದು 1995ರಲ್ಲಿ. 2011ರಲ್ಲಿ ಅದು ಇಡೀ ಪ್ರಪಂಚದಿಂದಲೇ ತೊಲಗಿತು ಅಂತ ಘೋಷಣೆ ಆಯ್ತು. ಸಿಡುಬು ಬಿಟ್ಟರೆ ಮನುಷ್ಯ ಪೂರ್ತಿ ಅಳಿಸಿಹಾಕಿದ ವೈರಸ್ ರೋಗ ಅದೊಂದೇ. ಇಷ್ಟು ದೊಡ್ಡ ಗೆಲುವು ನಮ್ಮ ಅಜ್ಜಿಯರ ಕೊಟ್ಟಿಗೆಯಲ್ಲಿ ಸದ್ದಿಲ್ಲದೆ ನಡೆದುಹೋಯ್ತು.

"ಇದಿ ಆವಾ, ಎನುಮಾ?"

ಈಗ ಸೀಮೆಹಸು ಹೇಗೆ ಬಂತು ಅಂತ ನೋಡೋಣ. ಬೆಂಗಳೂರಿನ ಆಡುಗೋಡಿಯಲ್ಲಿ ಬ್ರಿಟಿಷರ ಕಾಲದಲ್ಲಿ, 1923ರಲ್ಲಿ, ಹೈನುಗಾರಿಕೆ ಕಲಿಸುವ ಇಂಪೀರಿಯಲ್ ಸಂಸ್ಥೆ ಶುರುವಾಗಿತ್ತು. 1927ರಲ್ಲಿ ಗಾಂಧೀಜಿ ಆರೋಗ್ಯ ಕೆಟ್ಟು ನಂದಿ ಬೆಟ್ಟದಲ್ಲಿ ವಿಶ್ರಾಂತಿ ತಗೊಂಡರಲ್ಲ, ಆಗ ನಂದಿ ಕೋಲಾರ ಜಿಲ್ಲೆಗೇ ಸೇರಿತ್ತು. ಅಲ್ಲಿಂದ ಬೆಂಗಳೂರಿಗೆ ಇಳಿದ ಮೇಲೆ ಅವರು ಈ ಸಂಸ್ಥೆಗೆ ಹೋಗಿ ಹಸು ಸಾಕಣೆ ಕಲಿತರು. ಮುಂದೆ 'ಅಮುಲ್' ಕಟ್ಟಿದ ವರ್ಗೀಸ್ ಕುರಿಯನ್ ಕೂಡ ಅಮೆರಿಕಕ್ಕೆ ಓದೋಕೆ ಹೋಗುವ ಮುಂಚೆ ಕೆಲವು ತಿಂಗಳು ಇದೇ ಸಂಸ್ಥೆಯಲ್ಲಿ ಇದ್ದರು.

ಆದರೆ ಹಳ್ಳಿಗೆ ಬದಲಾವಣೆ ಬಂದದ್ದು ಸ್ವಾತಂತ್ರ್ಯದ ನಂತರ. ನೆಹರೂ ಸರ್ಕಾರದಲ್ಲಿ ಕೃಷಿ ಖಾತೆಯ ಉಪ ಸಚಿವರಾಗಿದ್ದ ಕೋಲಾರದ ಎಂ.ವಿ. ಕೃಷ್ಣಪ್ಪ ಅವರ ಹೆಸರನ್ನ ನಮ್ಮ ಕಡೆ ಸೀಮೆಹಸುವಿನ ಜೊತೆಗೇ ಹೇಳ್ತಾರೆ. ಕರ್ನಾಟಕದ ಕ್ಷೀರ ಕ್ರಾಂತಿಗೆ ದಾರಿ ಹಾಕಿದವರು ಅಂತ. 1965ರಲ್ಲಿ ಬೆಂಗಳೂರು ಡೈರಿ ಶುರುವಾಯ್ತು. ಅದಕ್ಕೆ ಹಾಲು ಬೇಕು, ಹಾಲಿಗೆ ಹಸು ಬೇಕು. 1960ರ ದಶಕದ ಕೊನೆಗೆ ಡೆನ್ಮಾರ್ಕ್ ನೆರವಿನಿಂದ ಹೆಸರಘಟ್ಟದಲ್ಲಿ ಹೋರಿಗಳ ವೀರ್ಯವನ್ನ ಶೈತ್ಯೀಕರಿಸಿ ಇಡುವ ಕೇಂದ್ರ ಬಂತು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟ ಒಂದು ಸಣ್ಣ ಕಡ್ಡಿ ಸಾಕು. ಹೋರಿ ಹೆಸರಘಟ್ಟದಲ್ಲೇ ಇರುತ್ತೆ, ಕರು ಶ್ರೀನಿವಾಸಪುರದಲ್ಲಿ ಹುಟ್ಟುತ್ತೆ!

ಆಮೇಲೆ 1974. ವಿಶ್ವಬ್ಯಾಂಕ್ ಸಾಲದಿಂದ ಕರ್ನಾಟಕ ಡೈರಿ ಅಭಿವೃದ್ಧಿ ಯೋಜನೆ ಶುರುವಾಗಿ, ಹಳೇ ಮೈಸೂರಿನ ಜಿಲ್ಲೆಗಳಲ್ಲಿ ಗುಜರಾತಿನ ಆಣಂದ್ ಮಾದರಿಯ ಸಂಘಗಳು ಹುಟ್ಟಿದವು. ಹಾಲು ಕೊಡುವವರೇ ಸದಸ್ಯರು, ಸದಸ್ಯರೇ ಮಾಲೀಕರು. 1984ರಲ್ಲಿ ಕೆಎಂಎಫ್ ಆಯ್ತು. 1987ರಲ್ಲಿ ಕೋಲಾರದ ಹಾಲು ಒಕ್ಕೂಟ ಬೆಂಗಳೂರಿನಿಂದ ಬೇರೆಯಾಗಿ ತನ್ನ ಕಾಲ ಮೇಲೆ ನಿಂತಿತು.

ಇದೆಲ್ಲ ಕಾಗದದ ಮೇಲಿನ ಚರಿತ್ರೆ. ನಮ್ಮ ಮನೆ ಬಾಗಿಲಿಗೆ ಇದು ಬಂದದ್ದು 80ರ ದಶಕದಲ್ಲಿ, ಐಆರ್‌ಡಿಪಿ ಸಾಲದ ರೂಪದಲ್ಲಿ. ಬಡ ಕುಟುಂಬಗಳಿಗೆ ಬ್ಯಾಂಕ್ ಸಾಲ, ಸರ್ಕಾರದ ಸಬ್ಸಿಡಿ ಸೇರಿಸಿ ಹಸು, ಕುರಿ ಕೊಡಿಸುತ್ತಿದ್ದ ಯೋಜನೆ ಅದು. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಲಾರಿಯಿಂದ ಇಳಿದದ್ದು ಕಪ್ಪು ಬಿಳುಪಿನ, ಡುಬ್ಬವೇ ಇಲ್ಲದ, ಕೊಂಬು ಮೊಟಕಾದ ಒಂದು ದೊಡ್ಡ ಪ್ರಾಣಿ. ಅಜ್ಜಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದಳಂತೆ: "ಇದಿ ಆವಾ, ಎನುಮಾ?" ಇದು ಹಸುನೋ, ಎಮ್ಮೆನೋ?

ಅದರ ಹಾಲನ್ನ ಅವಳು ಎಂದೂ ದೇವರಿಗೆ ಇಡಲಿಲ್ಲ. ಅಭಿಷೇಕಕ್ಕೆ ಪಕ್ಕದ ಮನೆಯ ನಾಟಿ ಹಸುವಿನ ಹಾಲೇ ಆಗಬೇಕು. ಆದರೆ ಅಪ್ಪನ ಹೈಸ್ಕೂಲು, ಅತ್ತೆಯ ಮದುವೆ, ಮನೆಯ ಮೊದಲ ಮಂಗಳೂರು ಹೆಂಚು, ಎಲ್ಲ ಆ ಎಮ್ಮೆಯಂಥ ಹಸುವಿನ ಹಾಲಿಂದಲೇ ಆಯ್ತು. ಸಾಯುವ ಮುಂಚೆ ಅಜ್ಜಿ ಒಮ್ಮೆ ಹೇಳಿದ್ದಳು: "ನಾಟಿ ಹಸು ದೇವರು ಕಣೋ. ಸೀಮೆಹಸು ಸೊಸೆ ಇದ್ದಂಗೆ. ದುಡೀತದೆ, ಆದ್ರೆ ಒಂಚೂರು ಹೆಚ್ಚುಕಡಿಮೆ ಆದ್ರೂ ತಡ್ಕೊಳ್ಳಲ್ಲ." ಆಗ ಪಕ್ಕದಲ್ಲಿ ಸೆಗಣಿ ಬಾಚುತ್ತಿದ್ದ ಅಮ್ಮ ತಲೆ ಎತ್ತಿ ಒಂದು ನೋಟ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಡೈರಿ ಮುಂದಿನ ಸಾಲು

ಊರಲ್ಲಿ 'ಡೈರಿ' ಅಂದ್ರೆ ಹಾಲಿನ ಸಂಘದ ಒಂದು ಕೋಣೆ. ಬೆಳಗ್ಗೆ, ಸಂಜೆ ಅದರ ಮುಂದೆ ಸ್ಟೀಲ್ ಕ್ಯಾನು, ಬಿಂದಿಗೆ, ಬಕೆಟ್ ಹಿಡಿದವರ ಸಾಲು. ಇದು ಬರೀ ಹಾಲು ಅಳೆಯುವ ಜಾಗ ಅಂದುಕೋಬೇಡಿ. ಊರಿನ ರಾಜಕೀಯ, ಮದುವೆ ಮಾತುಕತೆ, ಜಗಳ ಬಿಡಿಸೋದು, ಎಲ್ಲ ಅಲ್ಲೇ. ಸಾಲಲ್ಲಿ ಜಾತಿ ನೋಡಿ ಜಾಗ ಇಲ್ಲ. ಮೊದಲು ಬಂದವರು ಮೊದಲು. ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತೆ. ಊರಲ್ಲಿ ಇದು ಸಣ್ಣ ವಿಷಯ ಆಗಿರಲಿಲ್ಲ.

ಹಾಲು ತಗೊಳ್ಳುವ ಮುಂಚೆ ಟೆಸ್ಟ್. ಮೊದಲು ಲ್ಯಾಕ್ಟೋಮೀಟರ್ ಮುಳುಗಿಸಿ 'ಡಿಗ್ರಿ' ನೋಡ್ತಿದ್ರು, ಈಗ ಮಷೀನ್ ಬಂದಿದೆ. ಜಿಡ್ಡು 3.5, ಜಿಡ್ಡೇತರ ಘನಾಂಶ 8.5 ಬರಬೇಕು. "ಡಿಗ್ರಿ ಬಂದಿಲ್ಲ" ಅನ್ನೋ ಮಾತು ನಮ್ಮ ಊರಲ್ಲಿ ಹೆಚ್ಚುಕಡಿಮೆ ಬೈಗುಳ. ನೀರು ಹಾಕದಿದ್ದರೂ ಕೆಲವು ಸಲ ಡಿಗ್ರಿ ಬರಲ್ಲ. ಮೇವು ಸರಿ ಇಲ್ಲದಿದ್ದರೆ, ಹಸು ಈಗಷ್ಟೇ ಹುಷಾರಾಗಿದ್ದರೆ ಹಾಗಾಗುತ್ತೆ. ಸಾಲಲ್ಲಿ ಎಲ್ಲರ ಮುಂದೆ ಹಾಲು ವಾಪಸ್ ತರುವ ಹೆಂಗಸಿನ ಮುಖ ನೀವು ನೋಡಿದ್ದೀರಾ? ನಾನು ನೋಡಿದ್ದೀನಿ. ಆವತ್ತು ನಮ್ಮ ಮನೆಯಲ್ಲಿ ಎಲ್ಲರಿಗೂ ಪಾಯಸ. ಅಮ್ಮ ಮಾತ್ರ ತಿನ್ನಲಿಲ್ಲ.

ಇಲ್ಲೊಂದು ಪ್ರಶ್ನೆ ಕೇಳಲೇಬೇಕು. ಹುಲ್ಲು ಕೊಯ್ಯೋದು, ಸೆಗಣಿ ಬಾಚೋದು, ಹಾಲು ಕರೆಯೋದು, ಹೆಚ್ಚಿನ ಮನೆಗಳಲ್ಲಿ ಹೆಂಗಸರ ಕೆಲಸ. ಆದರೆ ಸಂಘದ ಪುಸ್ತಕದಲ್ಲಿ ಸದಸ್ಯರ ಹೆಸರು ಯಾರದ್ದು? ತುಂಬಾ ಕಾಲ ಗಂಡಸರದ್ದೇ. 1986-87ರಲ್ಲಿ ಕೇಂದ್ರ ಸರ್ಕಾರ 'ಸ್ಟೆಪ್' ಅನ್ನೋ ಯೋಜನೆ ತಂತು. ಅದರ ನೆರವಿನಿಂದ ರಾಜ್ಯದಲ್ಲಿ ಮಹಿಳೆಯರದ್ದೇ ಹಾಲಿನ ಸಂಘಗಳು ಬೆಳೆದವು. ಅಧ್ಯಕ್ಷರು, ಕಾರ್ಯದರ್ಶಿ, ಟೆಸ್ಟ್ ಮಾಡುವವರು, ಎಲ್ಲ ಹೆಂಗಸರೇ. 2008ರಲ್ಲಿ ರಾಜ್ಯ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರು ಮಾಡಿತು, ಮುಂದೆ ಅದು 5 ರೂಪಾಯಿಗೆ ಏರಿತು. ಆ ದುಡ್ಡು ನೇರ ಬ್ಯಾಂಕ್ ಖಾತೆಗೆ ಬರೋಕೆ ಶುರುವಾದಾಗ, ಮೊದಲ ಸಲ ಎಟಿಎಂ ಕಾರ್ಡ್ ಹಿಡಿದ ಅಮ್ಮಂದಿರು ನಮ್ಮ ಕಡೆ ಎಷ್ಟೋ ಜನ. ನಮ್ಮಮ್ಮ ಪಿನ್ ನಂಬರ್ ಆಗಿ ಇಟ್ಟದ್ದು ನನ್ನ ಹುಟ್ಟಿದ ವರ್ಷ ಅಲ್ಲ, ಮನೆಯ ಹಸು ಮೊದಲ ಕರು ಹಾಕಿದ ವರ್ಷ. ಪಿನ್ ಈಗ ಬದಲಾಗಿದೆ, ಟ್ರೈ ಮಾಡಬೇಡಿ.

ಕರು ಹಾಕುವ ರಾತ್ರಿ

ದುಡ್ಡಿನ ಲೆಕ್ಕ ಸಾಕು. ಕೊಟ್ಟಿಗೆಯ ಸುಖ ಏನು ಅಂತ ಹೇಳ್ತೀನಿ.

ಹಸುವಿನ ಗಬ್ಬ ಸುಮಾರು 280 ದಿನ. ನಮ್ಮಂತೆಯೇ ಒಂಬತ್ತು ತಿಂಗಳು ಚಿಲ್ಲರೆ. ದಿನ ಹತ್ತಿರ ಬಂದಂತೆ ಮನೆಯಲ್ಲಿ ಯಾರಿಗೂ ಪೂರ್ತಿ ನಿದ್ದೆ ಇರಲ್ಲ. ಕೆಚ್ಚಲು ತುಂಬಿಕೊಳ್ಳುತ್ತೆ, ಹಸು ಕೂತು ಎದ್ದು ಮಾಡುತ್ತೆ, ತಿರುಗಿ ತಿರುಗಿ ತನ್ನ ಹೊಟ್ಟೆ ನೋಡಿಕೊಳ್ಳುತ್ತೆ. ನಡುರಾತ್ರಿ ಅಮ್ಮನ ಕೂಗು. ಟಾರ್ಚ್ ಹಿಡಿದು ಓಡ್ತೀವಿ. ಮೊದಲು ಎರಡು ಮುಂಗಾಲು, ಅದರ ಮೇಲೆ ಮೂತಿ. ಹಾಗೆ ಬಂದರೆ ಎಲ್ಲ ಸರಿ ಅಂತ ಅರ್ಥ. ಕರು ನೆಲಕ್ಕೆ ಬಿದ್ದ ಮೇಲೆ ಮೂಗಿನ ಲೋಳೆ ತೆಗೆದು, ಹುಲ್ಲಿನಿಂದ ಮೈ ಉಜ್ಜಿ ತಾಯಿಯ ಮುಂದೆ ಇಡ್ತೀವಿ. ತಾಯಿ ನೆಕ್ಕೋಕೆ ಶುರು ಮಾಡಿದ ತಕ್ಷಣ ಕೊಟ್ಟಿಗೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಡ್ತೀವಿ.

ಆಮೇಲೆ ಗಿಣ್ಣು. ಮೊದಲ ಹಾಲು ಕರುವಿಗೆ ಬೇಗ ಸಿಗಬೇಕು, ರೋಗ ತಡೆಯುವ ಶಕ್ತಿ ಅದರಲ್ಲೇ ಇರೋದು. ಮಿಕ್ಕಿದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದರೆ ಗಿಣ್ಣು. ಅದನ್ನ ಅಕ್ಕಪಕ್ಕದ ಮನೆಗೆ ಕೊಡದೆ ತಿನ್ನೋ ಹಾಗಿಲ್ಲ. ಬೆಂಗಳೂರಲ್ಲಿ ಕೆಲಸ ಮಾಡುವ ಊರಿನ ಹುಡುಗರಿಗೆ "ಗಿಣ್ಣು ಮಾಡಿದ್ದೀವಿ" ಅಂತ ಮೆಸೇಜ್ ಬಂದರೆ ಶನಿವಾರ ರಾತ್ರಿ ಬಸ್ಸು ಹತ್ತಿರ್ತಾರೆ.

ಬರೀ ಹಸು ಅಲ್ಲ. ಹಿತ್ತಲಲ್ಲಿ ನಾಟಿ ಕೋಳಿ, ಎರಡು ಮೇಕೆ, ಹಬ್ಬಕ್ಕೆ ಅಂತ ಸಾಕಿದ ಒಂದು ಕುರಿ. ಮಕ್ಕಳು ಆ ಕುರಿಗೆ ಹೆಸರಿಡದ ಹಾಗೆ ದೊಡ್ಡವರು ನೋಡಿಕೊಳ್ತಾರೆ. ಮಕ್ಕಳು ಇಟ್ಟೇ ಇಡ್ತಾರೆ. ಹಬ್ಬದ ದಿನ ಒಂದು ಮಗು ಊಟ ಬಿಟ್ಟು ಅಟ್ಟದ ಮೇಲೆ ಕೂತು ಅಳುತ್ತೆ. ಕೋಲಾರದ ಹಳ್ಳಿಯಲ್ಲಿ ಬೆಳೆದವರಲ್ಲಿ ಆ ಮಗು ಆಗಿರದವರು ಕಡಿಮೆ.

ಯಾರೂ ಮಾತಾಡದ ವಿಷಯ

ಈಗ ಸ್ವಲ್ಪ ಕಷ್ಟದ ಮಾತು. ಕರು ಹುಟ್ಟಿದ ತಕ್ಷಣ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಹೆಣ್ಣೋ, ಗಂಡೋ?" ಮನುಷ್ಯರ ಮನೆಯಲ್ಲಿ ಗಂಡು ಬೇಕು ಅನ್ನೋರು ಕೊಟ್ಟಿಗೆಯಲ್ಲಿ ಹೆಣ್ಣು ಬೇಕು ಅಂತಾರೆ. ನಾಟಿ ಹಸುವಿನ ಗಂಡು ಕರು ಎತ್ತಾಗುತ್ತಿತ್ತು. ಸೀಮೆಹಸುವಿನ ಗಂಡು ಕರುವಿಗೆ ಡುಬ್ಬ ಇಲ್ಲ, ನೊಗ ಸರಿಯಾಗಿ ಕೂರಲ್ಲ, ಬಿಸಿಲು ತಡೆಯಲ್ಲ. ಹೊಲಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಎತ್ತೇ ಬೇಡವಾಯ್ತು. ಹಾಗಾದ್ರೆ ಆ ಕರು ಏನಾಗುತ್ತೆ?

ನಮ್ಮ ಮನೆಯಲ್ಲೂ ಗಂಡು ಕರುಗಳು ಹುಟ್ಟಿವೆ. ಅವಕ್ಕೆ ಹಾಲು ಕಡಿಮೆ ಬಿಡ್ತಿದ್ವಿ. ಕೆಲವು ತಾವಾಗಿಯೇ ಸೊರಗಿ ಸತ್ತವು, ಕೆಲವನ್ನ ಯಾರೋ ಬಂದು ಹಿಡ್ಕೊಂಡು ಹೋದರು, ಎಲ್ಲಿಗೆ ಅಂತ ನಾವು ಕೇಳಲಿಲ್ಲ. ಕೇಳದೇ ಇರೋದು ಕೂಡ ಒಂದು ಉತ್ತರ ಅಂತ ನನಗೆ ಗೊತ್ತಾಗಿದ್ದು ದೊಡ್ಡವನಾದ ಮೇಲೆ.

ಕಾನೂನಿನ ಕಡೆ ನೋಡಿದರೆ, 1964ರ ಕರ್ನಾಟಕ ಕಾಯ್ದೆ ಹಸು, ಕರುಗಳ ವಧೆ ನಿಷೇಧಿಸಿ, 12 ವರ್ಷ ದಾಟಿದ ಎತ್ತು, ಹೋರಿಗಳಿಗೆ ಅವಕಾಶ ಇಟ್ಟಿತ್ತು. 2020ರ ಹೊಸ ಕಾಯ್ದೆ ಅದನ್ನೂ ತೆಗೆಯಿತು. ಉಳಿದದ್ದು 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ಇದು ಸರಿ ಅನ್ನುವವರಿದ್ದಾರೆ, ತಪ್ಪು ಅನ್ನುವವರಿದ್ದಾರೆ. ಎರಡು ಹಸುವಿನ ಮನೆಗೆ ಕಾಣೋ ಲೆಕ್ಕ ಬೇರೆ: ಹಾಲು ಬತ್ತಿದ ಹಸು, ಬೇಡವಾದ ಗಂಡು ಕರು ದಿನಾ ಮೇವು ತಿನ್ನುತ್ತವೆ, ಆ ಮೇವಿನ ದುಡ್ಡು ಯಾರು ಕೊಡಬೇಕು? ಇತ್ತೀಚೆಗೆ ಹೆಣ್ಣು ಕರುವೇ ಹುಟ್ಟುವ ಹಾಗೆ ಲಿಂಗ ನಿರ್ಧರಿತ ವೀರ್ಯದ ಕಡ್ಡಿಗಳು ಬಂದಿವೆ. ಆ ಪ್ರಶ್ನೆಗೆ ವಿಜ್ಞಾನ ಕೊಟ್ಟ ಉತ್ತರ ಅದು. ಆದರೆ ಅದು ಹಿಂದೆ ಹುಟ್ಟಿದ ಕರುಗಳಿಗೆ ಅಲ್ಲ.

2013, 2022

ಸೀಮೆಹಸು ತಡ್ಕೊಳ್ಳಲ್ಲ ಅಂತ ಅಜ್ಜಿ ಹೇಳಿದ್ದಳಲ್ಲ. 2013ರ ಮಳೆಗಾಲದ ಕೊನೆಗೆ ದಕ್ಷಿಣ ಕರ್ನಾಟಕದಲ್ಲಿ ಕಾಲುಬಾಯಿ ಜ್ವರ ಹಬ್ಬಿತು. ರಾಜ್ಯದಲ್ಲಿ ಸಾವಿರಾರು ರಾಸುಗಳು ಸತ್ತವು. ಕೋಲಾರ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಒಂದು. ನಾಟಿ ದನಗಳಿಗೆ ಬಂದರೆ ಸೊರಗಿ ಸುಧಾರಿಸಿಕೊಳ್ತಿದ್ದವು, ಮಿಶ್ರತಳಿಗಳು ಬಿದ್ದವು ಏಳಲಿಲ್ಲ. ಬಾಯಲ್ಲಿ ಹುಣ್ಣು, ಗೊರಸಿನ ಸಂದಿಯಲ್ಲಿ ಹುಣ್ಣು, ಜೊಲ್ಲು ಸುರಿಸಿಕೊಂಡು ಮೇವಿನ ಮುಂದೆ ನಿಂತಿರುತ್ತೆ, ತಿನ್ನೋಕಾಗಲ್ಲ. ಅಂಥ ಹಸುವಿಗೆ ಹೆಂಗಸರು ರಾಗಿ ಗಂಜಿ ಮಾಡಿ ಕೈಯಾರೆ ಕುಡಿಸಿದ್ದನ್ನ ನಾನು ನೋಡಿದ್ದೀನಿ. 2019ರಿಂದ ಇಡೀ ದೇಶದಲ್ಲಿ ಆರು ತಿಂಗಳಿಗೊಮ್ಮೆ ಕಾಲುಬಾಯಿ ಲಸಿಕೆ ಹಾಕುವ ಕಾರ್ಯಕ್ರಮ ಶುರುವಾಗಿದೆ. ದಯವಿಟ್ಟು ತಪ್ಪಿಸಬೇಡಿ.

ಆಮೇಲೆ 2022. ಚರ್ಮಗಂಟು ರೋಗ. ಇದು ಭಾರತದಲ್ಲಿ ಮೊದಲು ಕಂಡದ್ದು 2019ರಲ್ಲಿ, ಒಡಿಶಾದಲ್ಲಿ. ಕುರಿ, ಮೇಕೆಗಳ ಸಿಡುಬಿನ ವೈರಸ್‌ಗೆ ನೆಂಟ. ಸೊಳ್ಳೆ, ನೊಣ, ಉಣ್ಣೆಯಿಂದ ಹರಡುತ್ತೆ. ಲಸಿಕೆಯಾಗಿ ಹಾಕಿದ್ದೂ ಮೇಕೆ ಸಿಡುಬಿನ ಲಸಿಕೆಯನ್ನೇ. ದನದ ಸಂತೆ, ಜಾತ್ರೆಗಳನ್ನ ನಿಲ್ಲಿಸಿದರು.

ನಮ್ಮ ಗಂಗೆಗೆ ಮೊದಲು ಜ್ವರ ಬಂತು. ಮಾರನೇ ದಿನ ಕುತ್ತಿಗೆ ಮೇಲೆ ಹುಣಸೆ ಬೀಜದಷ್ಟು ಗಂಟು, ಮೂರನೇ ದಿನ ಮೈ ತುಂಬಾ. ಡಾಕ್ಟರ್ ಬಂದು ಇಂಜೆಕ್ಷನ್ ಕೊಟ್ಟರು. ಅಮ್ಮ ಬೇವಿನ ಸೊಪ್ಪು, ಅರಿಶಿನ ಅರೆದು ಹಚ್ಚಿದಳು, ರಾತ್ರಿ ಬೇವಿನ ಹೊಗೆ ಹಾಕಿ ಪಕ್ಕದಲ್ಲೇ ಚೀಲ ಹಾಸಿಕೊಂಡು ಮಲಗಿದಳು. ಮೂರು ತಿಂಗಳ ಕರುವನ್ನ ದೂರ ಕಟ್ಟಿದ್ದೆವು. ಅದು ಕೂಗಿದಾಗಲೆಲ್ಲ ಗಂಗೆ ಕಿವಿ ಮಾತ್ರ ತಿರುಗಿಸುತ್ತಿತ್ತು. ಆರನೇ ದಿನ ಬೆಳಗ್ಗೆ ಅದೂ ನಿಂತಿತು. ಹೊಲದ ಮೂಲೆಯಲ್ಲಿ ಜೆಸಿಬಿಯಿಂದ ಗುಂಡಿ ತೋಡಿಸಿ, ಸುಣ್ಣ, ಉಪ್ಪು ಹಾಕಿ ಮಣ್ಣು ಮಾಡಿದೆವು.

ಸರ್ಕಾರ ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ಪರಿಹಾರ ಘೋಷಿಸಿತು. ಒಂದು ಒಳ್ಳೆಯ ಕರಾವಿನ ಹಸುವಿನ ಬೆಲೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಅಂತ ನಿಮಗೆ ಗೊತ್ತು. ಆದರೂ ದುಡ್ಡಿಗಿಂತ ನನಗೆ ನೆನಪಿರೋದು ಬೇರೆ. ಮಣ್ಣು ಮಾಡಿದ ದಿನ ಸಂಜೆ ಆರು ಗಂಟೆಗೆ ಅಮ್ಮ ಅಭ್ಯಾಸಬಲದಿಂದ ಬಕೆಟ್ ತೊಳೆದು ಕೊಟ್ಟಿಗೆ ಬಾಗಿಲವರೆಗೂ ಹೋದಳು. ಅಲ್ಲೇ ನಿಂತಳು. ಬಕೆಟ್ ಕೆಳಗಿಟ್ಟು ಒಳಗೆ ಬಂದಳು.

ಮುಂದೆ ಕರೆಯೋರು ಯಾರು?

ನದಿ ಇಲ್ಲದ ಜಿಲ್ಲೆ ನಮ್ಮದು ಅಂತಾರೆ. ಚಿಕ್ಕಬಳ್ಳಾಪುರ ಬೇರೆಯಾಗುವ ಮುಂಚೆ ಕೋಲಾರದಲ್ಲಿ 4 ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಅವು ಬತ್ತಿದವು, ಬೋರ್‌ವೆಲ್ ಸಾವಿರ ಅಡಿ ದಾಟಿತು. ಬೆಳೆ ಕೈಕೊಟ್ಟ ವರ್ಷಗಳಲ್ಲಿ ಮನೆ ಉಳಿಸಿದ್ದು ಹಸು. ರಾಗಿ ತೆನೆ ಜೊಳ್ಳಾದರೂ ಹುಲ್ಲಾದರೂ ಸಿಗುತ್ತಲ್ಲ, ಅದೇ ಲೆಕ್ಕ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರ್ತಿದೆ. ಅಂತರ್ಜಲ ಏರಿದೆ ಅಂತ ಖುಷಿ ಪಡುವವರಿದ್ದಾರೆ, ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಹೋರಾಡುವವರೂ ಇದ್ದಾರೆ. ಲೆಕ್ಕ ನೋಡಿ: ನಾವು ಬೆಂಗಳೂರಿಗೆ ಹಾಲು ಕಳಿಸ್ತೀವಿ, ಬೆಂಗಳೂರು ನಮಗೆ ತೊಳೆದ ನೀರು ಕಳಿಸುತ್ತೆ.

ಇನ್ನೊಂದು ಕಡೆ ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳು. ಐಫೋನ್ ಜೋಡಿಸುವ ಕಾರ್ಖಾನೆ ಇರೋದು ನರಸಾಪುರದಲ್ಲೇ. ಬೆಳಗ್ಗೆ ಐದೂವರೆಗೆ ಊರ ಮುಂದೆ ಕಂಪನಿ ಬಸ್ಸು, ಆರಕ್ಕೆ ಹಾಲಿನ ಸಾಲು. ಬಸ್ಸಿನಲ್ಲಿ ಹೋಗುವವರು ಇಪ್ಪತ್ತರ ಹರೆಯದವರು, ಸಾಲಲ್ಲಿ ನಿಲ್ಲುವವರು ಐವತ್ತು ದಾಟಿದವರು. ಎಷ್ಟೋ ಹುಡುಗಿಯರು ಹಾಲು ಕರೆದಿಟ್ಟೇ ಬಸ್ಸು ಹತ್ತುತ್ತಾರೆ. ಅದು ಎಷ್ಟು ದಿನ ನಡೆಯುತ್ತೆ?

ಗಂಗೆ ಸತ್ತ ಮೇಲೆ ನಾನೂ ಅಪ್ಪನೂ ಅಮ್ಮನಿಗೆ ಹೇಳಿದ್ವಿ, ಸಾಕು, ಇನ್ನು ಹಸು ಬೇಡ, ಮೊಣಕಾಲು ನೋವು ಬೇರೆ, ಕರು ಮಾರಿಬಿಡೋಣ ಅಂತ. ಅಮ್ಮ ಎರಡು ದಿನ ಏನೂ ಮಾತಾಡಲಿಲ್ಲ. ಮೂರನೇ ದಿನ ಹೇಳಿದಳು: "ಹಸು ಇಲ್ದಿದ್ರೆ ನನ್ನ ಕೈಲಿ ಕಾಸೆಲ್ಲಿರುತ್ತೆ? ನೀನು ಕೊಡ್ತೀಯ, ಇಲ್ಲ ಅನ್ನಲ್ಲ. ಆದ್ರೆ ಅದು ನೀನು ಕೊಟ್ಟಿದ್ದು." ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಕರು ಈಗ ದೊಡ್ಡದಾಗಿ ತಾನೂ ಒಂದು ಕರು ಹಾಕಿದೆ. ಹೆಣ್ಣು. ನಾನು ಮನೆಯಲ್ಲಿ ಇರಲಿಲ್ಲ, ಅಮ್ಮ ವಿಡಿಯೋ ಕಾಲ್ ಮಾಡಿ ತೋರಿಸಿದಳು. ನೆಟ್‌ವರ್ಕ್ ಸರಿ ಇಲ್ಲದೆ ಚಿತ್ರ ನಿಂತು ನಿಂತು ಬರ್ತಿತ್ತು. ತಾಯಿ ನೆಕ್ಕೋ ಸದ್ದು ಮಾತ್ರ ಚೆನ್ನಾಗಿ ಕೇಳಿಸಿತು.

ವೀರಗಲ್ಲಿನ ಮೇಲೆ ದನಕ್ಕಾಗಿ ಸತ್ತವನ ಹೆಸರು ಬರೆದರು. ದನಕ್ಕಾಗಿ ನಲವತ್ತು ವರ್ಷ ದಿನಾ ಐದು ಗಂಟೆಗೆ ಎದ್ದವಳ ಹೆಸರನ್ನ ಎಲ್ಲೂ ಬರೆದಿಲ್ಲ, ಸಂಘದ ಪುಸ್ತಕದಲ್ಲಿ ಎಷ್ಟೋ ಸಲ ಅದೂ ಇಲ್ಲ. ನಿಮ್ಮ ಮನೆಯ ಹಾಲಿನ ಪುಸ್ತಕ ಯಾರ ಹೆಸರಲ್ಲಿದೆ, ಇವತ್ತು ಸಂಜೆ ಒಮ್ಮೆ ತೆಗೆದು ನೋಡಿ. ನಿಮ್ಮ ಮನೆಯ ಹಸುವಿನ ಹೆಸರು, ಅದು ತಂದ ಒಂದು ಸಂತೋಷ, ಅದು ಬಿಟ್ಟುಹೋದ ಒಂದು ನೋವು, ಏನಿದ್ದರೂ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಕಂತಿನಲ್ಲಿ ಕೇಳಿಸ್ತೀವಿ. ಈಗ ಆರು ಗಂಟೆ ಆಗ್ತಾ ಬಂತು, ಊರಲ್ಲಿರೋರು ಏಳಿ, ಡೈರಿ ಟೈಮಾಯ್ತು.